ಗೀರು, ನೆಗ್ಗು, ಸವೆತ: ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರುಗಳಲ್ಲಿ ಒಂದನ್ನು ಆರಿಸುವುದು ಹೇಗೆ?

ಹಳೆ ಹೈಬ್ರಿಡ್ ಕಾರು, ಅಂದರೆ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಕಾರು, ಹುಡುಕಲು ಹೊರಟರೆ ಪೂರ್ತಿ ಚೆನ್ನಾಗಿರುವ ಕಾರು ಸಿಗುವುದು ಕಡಿಮೆ. ಒಂದರ ಬಾಗಿಲು ನೆಗ್ಗಿರುತ್ತದೆ. ಇನ್ನೊಂದರ ಟಾಪ್ ಮೇಲೆ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿರುತ್ತದೆ. ಮೂರನೆಯದು ನೋಡಲು ಫಳಫಳ ಅನ್ನುತ್ತದೆ, ಆದರೆ ತುಂಬ ವರ್ಷ ಹಳೆಯದು, ಸರ್ವೀಸ್ ಬಿಲ್ ಒಂದೂ ಇಲ್ಲ. ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳುವುದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಣ್ಣಿಗೆ ಕಾಣುವ ದೋಷ ಇದ್ದರೆ ಕಾರಿನ ಬೆಲೆ ಚೆನ್ನಾಗಿಯೇ ಇಳಿಯುತ್ತದೆ. ಕಾಣದ ದೋಷಕ್ಕೆ ಯಾರೂ ಬೆಲೆ ಇಳಿಸುವುದಿಲ್ಲ. ಹೈಬ್ರಿಡ್ ಕಾರಿನಲ್ಲಿ ದುಬಾರಿ ಸಾಮಾನುಗಳೆಲ್ಲ ಕಾಣದ ಕಡೆಯೇ ಇವೆ: ದೊಡ್ಡ ಬ್ಯಾಟರಿ, ಅದರ ಕರೆಂಟನ್ನು ಮೋಟಾರಿಗೆ ತಕ್ಕಂತೆ ಬದಲಿಸುವ ಇನ್ವರ್ಟರ್, ಬ್ರೇಕಿಗೆ ಒತ್ತಡ ಕೊಡುವ ಆಕ್ಚುಯೇಟರ್, ಕರೆಂಟಿನಲ್ಲಿ ಓಡುವ ಎಸಿ ಕಂಪ್ರೆಸರ್. ಹಾಗಾಗಿ ಹೊರಗೆ ಗೀರು ಬಿದ್ದಿದ್ದು ಒಳಗೆ ಗಟ್ಟಿಯಾಗಿರುವ ಕಾರು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಒಂದೇ ಷರತ್ತು: ಆ ಗೀರು ಬರೀ ಗೀರಾಗಿರಬೇಕು. ಕೆಲವು ನೆಗ್ಗುಗಳ ಹಿಂದೆ ದೊಡ್ಡ ಪೆಟ್ಟು ಅಡಗಿರುತ್ತದೆ, ಅದನ್ನು ಬೇರೆ ಮಾಡಿ ನೋಡಲು ಬರಬೇಕು.

ಹಂತ 1: ಕಾರು ನೋಡುವ ಮೊದಲು ರಿಪೇರಿ ಬೆಲೆ ಕೇಳಿಟ್ಟುಕೊಳ್ಳಿ

ಬಹಳ ಜನ ಇದನ್ನು ಮಾಡುವುದೇ ಇಲ್ಲ. ಕಾರು ನೋಡಿ ಮನಸ್ಸಾದ ಮೇಲೆ ಬೆಲೆ ವಿಚಾರಿಸುತ್ತಾರೆ. ಆಗ ಎಷ್ಟು ಹೇಳಿದರೂ ಪರವಾಗಿಲ್ಲ ಅನ್ನಿಸುತ್ತದೆ.

ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಮಾಡೆಲ್‌ಗೂ ಕೆಲವು ಬೆಲೆ ಗೊತ್ತಿರಲಿ. ಕಂಪನಿಯ ಹೊಸ ಹೈಬ್ರಿಡ್ ಬ್ಯಾಟರಿ ಪ್ಯಾಕ್ ಹಾಕಿಸಲು ಕೂಲಿ ಸೇರಿ ಎಷ್ಟು? ಬ್ರೇಕ್ ಆಕ್ಚುಯೇಟರ್‌ಗೆ ಎಷ್ಟು? ಒಂದು ಬಾಗಿಲಿಗೆ ಟಿಂಕರಿಂಗ್ ಮತ್ತು ಪೇಂಟ್ ಮಾಡಿಸಲು ಎಷ್ಟು? ಇಡೀ ಟಾಪ್‌ಗೆ ಪೇಂಟ್ ಹೊಡೆಸಿದರೆ ಎಷ್ಟು? ನಾಲ್ಕು ಟೈರ್‌ಗೆ ಎಷ್ಟು? ಇಷ್ಟು ಕಾಗದದ ಮೇಲೆ ಇದ್ದರೆ ಸಾಕು. ಬಾಗಿಲಿನ ನೆಗ್ಗು ಬ್ಯಾಟರಿಯ ಮುಂದೆ ಎಷ್ಟು ಸಣ್ಣದು ಅಂತ ಆಗ ಗೊತ್ತಾಗುತ್ತದೆ.

ಜೊತೆಗೆ ಇನ್ನೊಂದು ವಿಚಾರ ಖಚಿತ ಮಾಡಿಕೊಳ್ಳಿ. ಆ ಮಾಡೆಲ್‌ನ ಹೈಬ್ರಿಡ್ ಕೆಲಸ ಬಲ್ಲ ಮೆಕ್ಯಾನಿಕ್ ನಿಮಗೆ ಹತ್ತಿರದಲ್ಲಿದ್ದಾರಾ? ಇಲ್ಲದಿದ್ದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಆ ಮಾಡೆಲ್ ಬಿಟ್ಟುಬಿಡುವುದು ಒಳ್ಳೆಯದು.

ಹಂತ 2: ಇದು ಯಾವ ಥರದ ಹೈಬ್ರಿಡ್?

ಹಿಂದೆ ‘ಹೈಬ್ರಿಡ್’ ಅಂತ ಅಕ್ಷರ ಅಂಟಿಸಿದ ಕಾರೆಲ್ಲ ಒಂದೇ ಅಲ್ಲ. ಮೈಲ್ಡ್ ಹೈಬ್ರಿಡ್‌ಗಳಲ್ಲಿ ಸಣ್ಣ ಬ್ಯಾಟರಿ, ಸಣ್ಣ ಮೋಟಾರ್ ಇರುತ್ತದೆ. ಎಂಜಿನ್‌ಗೆ ಸ್ವಲ್ಪ ಕೈಜೋಡಿಸುತ್ತದೆ ಅಷ್ಟೇ. ಬರೀ ಕರೆಂಟಿನಲ್ಲಿ ಕಾರು ಎಳೆಯಲು ಅದಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಉಳಿತಾಯವೂ ಕಡಿಮೆ, ಕೆಟ್ಟರೆ ಖರ್ಚೂ ಕಡಿಮೆ. ಇದಕ್ಕೆ ಪೂರ್ತಿ ಹೈಬ್ರಿಡ್‌ನ ಬೆಲೆ ಕೊಡಬೇಡಿ.

ಪೂರ್ತಿ ಹೈಬ್ರಿಡ್‌ಗಳಲ್ಲೂ ಒಳಗಿನ ವ್ಯವಸ್ಥೆ ಬೇರೆ ಬೇರೆ. ಟೊಯೋಟಾ ಪ್ರಿಯಸ್ ಮತ್ತು ಅದರ ಬಳಗದ ಕಾರುಗಳಲ್ಲಿ ಎರಡು ಮೋಟಾರು, ಎಂಜಿನ್ನು, ಇವನ್ನು ಸೇರಿಸುವ ಒಂದು ಗೇರ್ ಸೆಟ್ ಇರುತ್ತದೆ. ಕ್ಲಚ್ ಇಲ್ಲ, ಬೆಲ್ಟ್ ಮೇಲೆ ಓಡುವ ಸಿವಿಟಿ ಗೇರ್‌ಬಾಕ್ಸೂ ಅಲ್ಲ. ಅದಕ್ಕೇ ಗೇರ್‌ಬಾಕ್ಸ್ ಕೆಡುವುದು ಅಪರೂಪ. ಹೋಂಡಾದ ಇ:ಎಚ್‌ಇವಿ ಕಾರುಗಳಲ್ಲಿ ಎಂಜಿನ್ ಹೆಚ್ಚಿನ ಹೊತ್ತು ಕರೆಂಟ್ ತಯಾರಿಸುತ್ತದೆ, ಹೈವೇ ವೇಗದಲ್ಲಿ ಒಂದು ಕ್ಲಚ್ ಮೂಲಕ ನೇರವಾಗಿ ಚಕ್ರ ತಿರುಗಿಸುತ್ತದೆ. ಹ್ಯುಂಡೈ ಐಯೋನಿಕ್, ಕಿಯಾ ನಿರೋ ಹೈಬ್ರಿಡ್‌ಗಳಲ್ಲಿ 6 ಸ್ಪೀಡ್‌ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದೆ. ಅವನ್ನು ಓಡಿಸುವಾಗ ನಿಧಾನ ವೇಗದಲ್ಲಿ ಜರ್ಕ್ ಹೊಡೆಯುತ್ತದಾ ಅಂತ ಗಮನ ಕೊಡಬೇಕು. ಹೊರಗಿನಿಂದ ಚಾರ್ಜ್ ಮಾಡುವ ಪ್ಲಗ್-ಇನ್ ಕಾರಾದರೆ ಚಾರ್ಜಿಂಗ್ ಕೇಬಲ್ ಜೊತೆಗೆ ಬರುತ್ತದಾ, ಚಾರ್ಜ್ ನಿಜವಾಗಿ ಹತ್ತುತ್ತದಾ ಅಂತ ಎದುರಿಗೇ ಹಾಕಿ ನೋಡಿ.

ಹಂತ 3: ಹೊರಗಿನ ಮೈ ನೋಡುವಾಗ

ಹಗಲಲ್ಲೇ ನೋಡಿ. ಕಾರು ಒಣಗಿರಲಿ. ನೀರು ಹಾಕಿ ಆಗಷ್ಟೇ ತೊಳೆದು ನಿಲ್ಲಿಸಿದ ಕಾರಿನಲ್ಲಿ ಗೀರು, ಮಂಕು ಎರಡೂ ಮುಚ್ಚಿಹೋಗುತ್ತವೆ.

ಗೀರಿಗೆ ಉಗುರಿನ ಪರೀಕ್ಷೆ ಸಾಕು. ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಮೇಲಿನ ಪದರದ್ದು, ಪಾಲಿಶ್‌ನಲ್ಲಿ ಹೋಗುತ್ತದೆ. ಸಿಕ್ಕಿಕೊಂಡು, ಒಳಗೆ ಕಾರಿನ ಬಣ್ಣವೇ ಕಂಡರೆ ಟಚ್‌ಅಪ್ ಸಾಕು. ಬೂದು ಪ್ರೈಮರ್ ಅಥವಾ ಲೋಹ ಕಂಡರೆ ಮಾತ್ರ ಬೇಗ ಸರಿಮಾಡಿಸಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಬಂಪರ್ ಪ್ಲಾಸ್ಟಿಕ್. ಅದರ ಮೇಲೆ ಎಷ್ಟು ಗೀರಿದ್ದರೂ ತುಕ್ಕು ಬರುವುದಿಲ್ಲ. ಬೆಲೆ ಇಳಿಸಲು ಆ ಗೀರು ತೋರಿಸಿ, ಆಮೇಲೆ ಮರೆತುಬಿಡಿ.

ನೆಗ್ಗಿನಲ್ಲೂ ಹಾಗೇ. ಬಣ್ಣ ಒಡೆಯದ ಸಣ್ಣ ನೆಗ್ಗನ್ನು ಪೇಂಟ್ ಇಲ್ಲದೆ ಒಳಗಿನಿಂದ ಒತ್ತಿ ಎತ್ತುವವರಿದ್ದಾರೆ, ಕಡಿಮೆಗೆ ಮುಗಿಯುತ್ತದೆ. ನೆಗ್ಗು ಬಾಗಿಲಿನ ಅಂಚಿನಲ್ಲೋ ಉಬ್ಬು ಗೆರೆಯ ಮೇಲೋ ಇದ್ದರೆ ಅಷ್ಟು ಸುಲಭವಲ್ಲ. ಇನ್ನು ಟಾಪ್, ಬಾನೆಟ್ ಮೇಲೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸುಲಿದಿದ್ದರೆ ಅದು ಪಾಲಿಶ್‌ನಿಂದ ಸರಿಹೋಗುವ ಮಾತೇ ಅಲ್ಲ. ಪೂರ್ತಿ ಆ ಭಾಗಕ್ಕೆ ಹೊಸ ಪೇಂಟ್ ಬೇಕು. ನೋಡಲು ತುಂಬ ಕೆಟ್ಟದಾಗಿ ಕಾಣುತ್ತದೆ. ಆದರೆ ಬಿಸಿಲಿನಲ್ಲಿ ನಿಂತ ಕಾರಿಗೆ ಇದು ಸಹಜ, ಓಡುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೂ ಬಿಸಿಲಿನಲ್ಲೇ ನಿಂತಿದ್ದ ಕಾರು ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಿಸಿ ಬ್ಯಾಟರಿಗೂ ಆಗುವುದಿಲ್ಲ.

ತುಕ್ಕಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಅಂಚು, ಕೆಳಗಿನ ಪಟ್ಟಿ, ಡಿಕ್ಕಿಯ ಬಾಗಿಲಿನ ಜೋಡಣೆ, ಇಲ್ಲೆಲ್ಲ ಬಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ಅದಕ್ಕಿಂತ ಜಾಸ್ತಿ ತಿಂದಿರುತ್ತದೆ. ಮೇಲೆ ಬಣ್ಣ ಹೊಡೆದರೆ ಸ್ವಲ್ಪ ದಿನಕ್ಕೆ ಮತ್ತೆ ಏಳುತ್ತದೆ. ಗೀರು, ನೆಗ್ಗು ಇದ್ದಷ್ಟೇ ಇರುತ್ತವೆ, ತುಕ್ಕು ಬೆಳೆಯುತ್ತಾ ಹೋಗುತ್ತದೆ.

ಈಗ ಮುಖ್ಯ ವಿಚಾರ. ಎಲ್ಲಿ ಪೆಟ್ಟು ಬಿದ್ದಿದೆ ಅನ್ನುವುದು ಹೈಬ್ರಿಡ್‌ನಲ್ಲಿ ಬೇರೆ ಕಾರುಗಳಿಗಿಂತ ಹೆಚ್ಚು ಮುಖ್ಯ. ಹಲವು ಹೈಬ್ರಿಡ್‌ಗಳಲ್ಲಿ ಬ್ಯಾಟರಿ ಹಿಂದಿನ ಸೀಟಿನ ಕೆಳಗೋ ಹಿಂದೆಯೋ ಇರುತ್ತದೆ. ಹಿಂದಿನಿಂದ ಗುದ್ದಿಸಿಕೊಂಡ ಕಾರಾದರೆ ಡಿಕ್ಕಿಯ ಮ್ಯಾಟ್ ಎತ್ತಿ ನೋಡಲೇಬೇಕು. ತಳದ ತಗಡು ಸುಕ್ಕಾಗಿದೆಯಾ, ವೆಲ್ಡಿಂಗ್ ಹೊಸದಾಗಿದೆಯಾ, ಜೋಡಣೆಗೆ ಬಳಿದ ಸೀಲರ್ ಎರಡೂ ಕಡೆ ಒಂದೇ ಥರ ಇದೆಯಾ, ನೀರು ನಿಂತ ಗುರುತಿದೆಯಾ? ಮುಂದಿನ ಪೆಟ್ಟಾದರೆ ರೇಡಿಯೇಟರ್ ಕಡೆ ನೋಡಿ. ಇನ್ವರ್ಟರ್ ತಣ್ಣಗಿಡುವ ಕೂಲೆಂಟ್‌ನ ರೇಡಿಯೇಟರ್ ಕೂಡ ಮುಂದೆಯೇ ಇರುತ್ತದೆ. ಪಕ್ಕದ ಬಾಗಿಲಿನ ನೆಗ್ಗು ಇವೆರಡಕ್ಕಿಂತ ವಾಸಿ, ಬಾಗಿಲ ಪಕ್ಕದ ಕಂಬಕ್ಕೆ (ಪಿಲ್ಲರ್) ಏನೂ ಆಗಿಲ್ಲದಿದ್ದರೆ.

ರೀಪೇಂಟ್ ಪತ್ತೆಗೆ ಪೇಂಟ್ ದಪ್ಪ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 80ರಿಂದ 160 ಮೈಕ್ರಾನ್ ಆಸುಪಾಸು. ಒಂದು ಕಡೆ ಮಾತ್ರ 300 ದಾಟಿದರೆ ಕೆಳಗೆ ಪುಟ್ಟಿ ಇದೆ ಅಂತ ಅನುಮಾನ ಪಡಬಹುದು. ಆಯಸ್ಕಾಂತ ಹಿಡಿದು ನೋಡುವ ಹಳೇ ಉಪಾಯ ಇಲ್ಲಿ ಮೋಸ ಮಾಡಬಹುದು. ತೂಕ ಇಳಿಸಲು ಪ್ರಿಯಸ್‌ನಂಥ ಕಾರುಗಳ ಬಾನೆಟ್ಟನ್ನು ಅಲ್ಯೂಮಿನಿಯಂನಲ್ಲಿ ಮಾಡಿರುತ್ತಾರೆ, ಅಲ್ಲಿ ಆಯಸ್ಕಾಂತ ಹಿಡಿಯದಿದ್ದರೆ ಅದು ಪುಟ್ಟಿ ಅಂತ ಅರ್ಥವಲ್ಲ. ಮೀಟರ್ ಇಲ್ಲದವರು ಬೋಲ್ಟ್ ನೋಡಿ. ಬಾನೆಟ್, ಫೆಂಡರ್, ಬಾಗಿಲ ಕೀಲುಗಳ ಬೋಲ್ಟ್ ತಲೆಯ ಮೇಲೆ ಬಣ್ಣ ಕಿತ್ತಿದ್ದರೆ ಯಾರೋ ಪಾನಾ ಹಾಕಿ ಬಿಚ್ಚಿದ್ದಾರೆ ಎಂದೇ ಲೆಕ್ಕ.

ಹೊಸ ಮಾಡೆಲ್‌ಗಳಲ್ಲಿ ಇನ್ನೊಂದು ತೊಡಕಿದೆ. ಬಂಪರ್ ಒಳಗೆ, ಮುಂದಿನ ಲೋಗೋ ಹಿಂದೆ ಸುತ್ತಲಿನ ವಾಹನ ಗುರುತಿಸುವ ರೇಡಾರ್ ಇರಬಹುದು. ಗಾಜಿನ ಮೇಲ್ಭಾಗದಲ್ಲಿ ಕ್ಯಾಮೆರಾ ಇರುತ್ತದೆ. ಬಂಪರ್‌ಗೆ ದಪ್ಪವಾಗಿ ಪೇಂಟ್ ಹೊಡೆಸಿದ್ದರೆ, ಗಾಜು ಬದಲಿಸಿ ಕ್ಯಾಮೆರಾ ಕ್ಯಾಲಿಬ್ರೇಟ್ ಮಾಡದೇ ಇದ್ದರೆ ಆ ಸುರಕ್ಷತಾ ಸೌಲಭ್ಯಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಅವುಗಳ ಎಚ್ಚರಿಕೆ ದೀಪ ಉರಿಯುತ್ತಿದ್ದರೆ ಕಾರಣ ಕೇಳಿ.

ಹಂತ 4: ಒಳಗಿನ ಸವೆತ ಏನು ಹೇಳುತ್ತದೆ

ಸೀಟು ಹರಿದಿದ್ದರೆ ಕವರ್ ಹಾಕಬಹುದು, ಅದು ದೊಡ್ಡ ವಿಷಯವಲ್ಲ. ಸವೆತವೂ ಮೀಟರೂ ಒಂದೇ ಕಥೆ ಹೇಳುತ್ತವಾ ಅಂತ ನೋಡಿ. ಡ್ರೈವರ್ ಸೀಟಿನ ಹೊರ ಅಂಚು ಕುಸಿದಿದೆ, ಸ್ಟೀರಿಂಗ್ ಮೇಲಿನ ಚರ್ಮ ಉಜ್ಜಿ ನುಣುಪಾಗಿದೆ, ಬ್ರೇಕ್ ಪೆಡಲ್ ರಬ್ಬರ್ ಸವೆದಿದೆ, ಮೀಟರ್ ಮಾತ್ರ 50,000 ಕಿ.ಮೀ. ತೋರಿಸುತ್ತಿದೆ ಅಂದರೆ ಅನುಮಾನ ಪಡಬೇಕು. ಹಿಂದಿನ ಸೀಟು, ಹಿಂದಿನ ಬಾಗಿಲ ಹಿಡಿಕೆ ಮುಂದಿನವುಗಳಿಗಿಂತ ಜಾಸ್ತಿ ಸವೆದಿದ್ದರೆ ಅದು ಬಾಡಿಗೆಗೆ ಓಡಿದ ಕಾರಾಗಿರಬಹುದು.

ಬಾಡಿಗೆಗೆ ಓಡಿದೆ ಅಂದ ಕೂಡಲೇ ಬೇಡ ಅನ್ನಬೇಕಾಗಿಲ್ಲ. 2011ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2 ಲಕ್ಷ ಮೈಲಿಗೂ ಜಾಸ್ತಿ, ಅಂದರೆ 3.2 ಲಕ್ಷ ಕಿಲೋಮೀಟರ್ ದಾಟಿದ್ದ 2002ರ ಪ್ರಿಯಸ್ ಒಂದನ್ನು ಪರೀಕ್ಷೆ ಮಾಡಿತ್ತು. ಹತ್ತು ವರ್ಷ ಹಿಂದೆ ಅವರೇ ಹೊಸ ಪ್ರಿಯಸ್ ಪರೀಕ್ಷಿಸಿದಾಗ ಬಂದಿದ್ದ ಮೈಲೇಜ್‌ಗೂ ಇದಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇರಲಿಲ್ಲ. ಒಂದು ಕಾರಿನಿಂದ ಎಲ್ಲಾ ಕಾರುಗಳ ಬಗ್ಗೆ ತೀರ್ಮಾನ ಮಾಡಲಾಗದು ನಿಜ. ಆದರೂ ಕಿಲೋಮೀಟರ್ ಒಂದನ್ನೇ ನೋಡಿ ಹೆದರಬಾರದು ಅನ್ನಲು ಇದು ಒಳ್ಳೆಯ ಉದಾಹರಣೆ.

ಹಂತ 5: ತಣ್ಣಗಿರುವ ಎಂಜಿನ್ ಎದುರಿಗೇ ಸ್ಟಾರ್ಟ್ ಆಗಲಿ

ಮಾರುವವರಿಗೆ ಮೊದಲೇ ಹೇಳಿ: ನಾನು ಬರುವವರೆಗೆ ಕಾರು ಸ್ಟಾರ್ಟ್ ಮಾಡಬೇಡಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.

ಇಷ್ಟು ಹಟ ಯಾಕೆ ಅಂದರೆ, 2009ರಲ್ಲಿ ಬಂದ ಮೂರನೇ ತಲೆಮಾರಿನ ಪ್ರಿಯಸ್‌ನ 1.8 ಲೀಟರ್ ಎಂಜಿನ್‌ನಲ್ಲಿ ಇಜಿಆರ್ ಕೂಲರ್ (ಎಂಜಿನ್‌ಗೆ ಮರಳುವ ಹೊಗೆಯನ್ನು ತಣ್ಣಗಾಗಿಸುವ ಭಾಗ) ಮಸಿಯಿಂದ ಕಟ್ಟಿಕೊಳ್ಳುವುದು, ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲಿನ ಮತ್ತು ಕೆಳಗಿನ ಭಾಗದ ನಡುವಿನ ಸೀಲ್) ಹೋಗುವುದು ಹೆಸರಾದ ತೊಂದರೆ. ಗ್ಯಾಸ್ಕೆಟ್ ಸೋರಿದರೆ ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪ ಕೂಲೆಂಟ್ ಸಿಲಿಂಡರ್ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಎಂಜಿನ್ ಹತ್ತಿದ ಕೂಡಲೇ ಇಡೀ ಕಾರು ಕೆಲವು ಸೆಕೆಂಡ್ ಗಡಗಡ ನಡುಗುತ್ತದೆ. ಆಮೇಲೆ ಏನೂ ಆಗಿಲ್ಲ ಅನ್ನುವಂತೆ ನುಣ್ಣಗೆ ಓಡುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಈ ಸುಳಿವು ಸಿಗುವುದೇ ಇಲ್ಲ. ಜೊತೆಗೆ ಕೂಲೆಂಟ್ ಡಬ್ಬಿಯ ಮಟ್ಟ ನೋಡಿ. ಹೊರಗೆ ಎಲ್ಲೂ ಸೋರಿಕೆ ಇಲ್ಲ, ಮಟ್ಟ ಮಾತ್ರ ಕೆಳಗಿದೆ ಅಂದರೆ ಅದು ಒಳಗೇ ಹೋಗುತ್ತಿರಬಹುದು. ಇನ್ವರ್ಟರ್‌ನ ಕೂಲೆಂಟ್ ಡಬ್ಬಿ ಹಲವು ಕಾರುಗಳಲ್ಲಿ ಬೇರೆಯೇ ಇರುತ್ತದೆ, ಅದನ್ನೂ ನೋಡಿ. ಬಿಸಿಯಾಗಿರುವಾಗ ಯಾವ ಮುಚ್ಚಳವನ್ನೂ ತೆಗೆಯಬೇಡಿ.

‘ರೆಡಿ’ ದೀಪ ಬಂದ ಮೇಲೂ ಎಂಜಿನ್ ಸದ್ದಿಲ್ಲದಿರಬಹುದು. ಅದು ತಪ್ಪಲ್ಲ, ಸ್ವಲ್ಪ ಹೊತ್ತಿಗೆ ತಾನೇ ಹತ್ತುತ್ತದೆ. ಕೀ ಹಾಕಿದಾಗ ಎಲ್ಲಾ ಎಚ್ಚರಿಕೆ ದೀಪಗಳು ಒಮ್ಮೆ ಹತ್ತಿ ಆರಬೇಕು. ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ ಅಂದರೆ ಬಲ್ಬ್ ತೆಗೆದಿರುವ ಸಾಧ್ಯತೆ ಇದೆ. ಅಂಥ ಕಾರು ಬೇಡ.

ಹಂತ 6: ಬ್ಯಾಟರಿ

ಇಲ್ಲಿ ಸ್ವಲ್ಪ ನಿಧಾನಿಸೋಣ. ಆಯ್ಕೆ ನಿಲ್ಲುವುದೇ ಇದರ ಮೇಲೆ.

ಎರಡನೇ ಮತ್ತು ಮೂರನೇ ತಲೆಮಾರಿನ ಪ್ರಿಯಸ್‌ನ ಬ್ಯಾಟರಿಯಲ್ಲಿ 28 ಮಾಡ್ಯೂಲ್‌ಗಳಿವೆ. ಒಂದೊಂದರಲ್ಲಿ 6 ಸೆಲ್, ಒಟ್ಟು 168 ಸೆಲ್. ಎಲ್ಲಾ ಸರಣಿಯಲ್ಲಿ ಜೋಡಿಸಿ ಸುಮಾರು 201 ವೋಲ್ಟ್. ಸಾಲಿನಲ್ಲಿ ಒಂದು ದುರ್ಬಲವಾದರೂ ಇಡೀ ಪ್ಯಾಕ್ ಅದರ ಮಟ್ಟಕ್ಕೇ ಇಳಿಯುತ್ತದೆ. ಕಾರಿನ ಕಂಪ್ಯೂಟರ್ ಇವನ್ನು ಪೂರ್ತಿ ತುಂಬಿಸುವುದೂ ಇಲ್ಲ, ಪೂರ್ತಿ ಖಾಲಿ ಮಾಡುವುದೂ ಇಲ್ಲ. ಸುಮಾರು 40ರಿಂದ 80 ಶೇಕಡಾ ನಡುವೆ ಇಟ್ಟುಕೊಳ್ಳುತ್ತದೆ. ಇವು ಇಷ್ಟು ವರ್ಷ ಬಾಳುವುದಕ್ಕೆ ಅದೇ ದೊಡ್ಡ ಕಾರಣ.

ಹಾಗಾದರೆ ಬ್ಯಾಟರಿ ಕೆಡುವುದು ಯಾತರಿಂದ? ವಯಸ್ಸು, ಬಿಸಿ, ಮತ್ತು ಸುಮ್ನೆ ನಿಂತಿರುವುದು. ಮೂರನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಸೆಲ್‌ಗಳು ತಾವಾಗಿಯೇ ಚಾರ್ಜ್ ಕಳೆದುಕೊಳ್ಳುತ್ತವೆ, ಎಲ್ಲವೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ. ಅವುಗಳ ನಡುವೆ ಏರುಪೇರು ಶುರುವಾಗುತ್ತದೆ. ಅದಕ್ಕೇ ‘ಹನ್ನೆರಡು ವರ್ಷದ ಕಾರು, ಬರೀ 40,000 ಓಡಿದೆ, ಶೆಡ್‌ನಲ್ಲೇ ಇತ್ತು’ ಅನ್ನುವ ಮಾತು ಪೆಟ್ರೋಲ್ ಕಾರಿಗೆ ಹೊಗಳಿಕೆ ಇರಬಹುದು, ಹೈಬ್ರಿಡ್‌ಗೆ ಅಷ್ಟಾಗಿ ಅಲ್ಲ. ದಿನಾ ಓಡಿದ ಎಂಟು ವರ್ಷದ ಕಾರಿನ ಬ್ಯಾಟರಿ ಅದಕ್ಕಿಂತ ಚೆನ್ನಾಗಿರುವ ಸಾಧ್ಯತೆಯೇ ಜಾಸ್ತಿ.

ಮೊದಲು ಗಾಳಿಯ ದಾರಿ ನೋಡಿ. ಹಲವು ಕಾರುಗಳಲ್ಲಿ ಬ್ಯಾಟರಿ ತಣ್ಣಗಿಡಲು ಒಂದು ಫ್ಯಾನ್ ಕ್ಯಾಬಿನ್ ಗಾಳಿಯನ್ನೇ ಎಳೆಯುತ್ತದೆ. ಹಿಂದಿನ ಸೀಟಿನ ಪಕ್ಕದಲ್ಲೋ ಕೆಳಗೋ ಸಣ್ಣ ಜಾಲರಿ ಇರುತ್ತದೆ. ಟಾರ್ಚ್ ಹಿಡಿದು ಒಳಗೆ ನೋಡಿ. ಬೂದು ಬಣ್ಣದ ಧೂಳು ಕಂಬಳಿಯಂತೆ ಅಂಟಿಕೊಂಡಿದೆಯಾ, ನಾಯಿ ಬೆಕ್ಕಿನ ಕೂದಲು ಸುತ್ತಿಕೊಂಡಿದೆಯಾ? ಹಾಗಿದ್ದರೆ ಆ ಬ್ಯಾಟರಿ ಎಷ್ಟೋ ಕಾಲದಿಂದ ಉಸಿರುಕಟ್ಟಿ ಬಿಸಿಯಲ್ಲೇ ಕೆಲಸ ಮಾಡಿದೆ. ಮಾಲೀಕರಿಗೆ ಈ ಜಾಲರಿ ಇರುವುದೇ ಗೊತ್ತಿಲ್ಲದಿದ್ದರೆ ಉಳಿದ ಸರ್ವೀಸ್ ಹೇಗಾಗಿದೆ ಅಂತಲೂ ಅಂದಾಜು ಸಿಗುತ್ತದೆ.

ಆಮೇಲೆ ಸ್ಕ್ಯಾನ್. ಇದಕ್ಕೆ ಮಾತ್ರ ಜಿಪುಣತನ ಬೇಡ. ಕಾರಿನ ಕಂಪ್ಯೂಟರ್‌ಗೆ ಜೋಡಿಸುವ ಒಬಿಡಿ ಸ್ಕ್ಯಾನರ್ ಮತ್ತು ಹೈಬ್ರಿಡ್ ಓದಬಲ್ಲ ಆ್ಯಪ್, ಅಥವಾ ಅದನ್ನು ಬಲ್ಲ ಮೆಕ್ಯಾನಿಕ್ ಜೊತೆಗಿರಲಿ. ಮೂರು ಸಂಗತಿ ನೋಡಬೇಕು. ಒಂದು, ಕಂಪ್ಯೂಟರ್‌ನಲ್ಲಿ ಉಳಿದಿರುವ ದೋಷದ ಕೋಡ್‌ಗಳು. ಟೊಯೋಟಾ ಕಾರುಗಳಲ್ಲಿ ಪಿ0ಎ80 ಬಂದರೆ ಬ್ಯಾಟರಿ ಪ್ಯಾಕ್ ಬದಲಿಸುವ ಹೊತ್ತು ಬಂದಿದೆ ಅಂತ ಅರ್ಥ. ಎರಡು, ಕೋಡ್‌ಗಳನ್ನು ನಿನ್ನೆ ಮೊನ್ನೆ ಅಳಿಸಿದ್ದಾರಾ? ಅಳಿಸಿದ್ದರೆ ರೆಡಿನೆಸ್ ಮಾನಿಟರ್‌ಗಳು (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ಲೆಕ್ಕ) ‘ಪೂರ್ತಿಯಾಗಿಲ್ಲ’ ಅಂತ ತೋರಿಸುತ್ತವೆ. 12 ವೋಲ್ಟ್ ಬ್ಯಾಟರಿ ಬದಲಿಸಿದರೂ ಹಾಗೇ ಬರುತ್ತದೆ, ಹಾಗಾಗಿ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಕೆಲವು ದಿನ ಓಡಿಸಿ ಆಮೇಲೆ ಮತ್ತೆ ತೋರಿಸಿ ಅನ್ನಿ. ಮೂರು, ಬ್ಲಾಕ್‌ಗಳ ವೋಲ್ಟೇಜ್. ಮೇಲೆ ಹೇಳಿದ ಪ್ರಿಯಸ್‌ಗಳಲ್ಲಿ ಎರಡೆರಡು ಮಾಡ್ಯೂಲ್ ಸೇರಿ ಒಂದು ಬ್ಲಾಕ್, ಒಟ್ಟು 14 ಅಂಕಿ ಕಾಣುತ್ತವೆ. ನಿಂತಾಗ ಎಲ್ಲವೂ ಸಮವಾಗಿಯೇ ಕಾಣಬಹುದು. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಹದಿನಾಲ್ಕೂ ಒಟ್ಟಿಗೆ ಇಳಿಯಬೇಕು, ಬ್ರೇಕ್ ಹಾಕಿದಾಗ ಒಟ್ಟಿಗೆ ಏರಬೇಕು. ಒಂದು ಮಾತ್ರ ಪ್ರತಿ ಸಲವೂ ಉಳಿದವಕ್ಕಿಂತ ಕೆಳಗೆ ಬಿದ್ದು, ಚಾರ್ಜ್ ಆಗುವಾಗ ಎಲ್ಲಕ್ಕಿಂತ ಮೇಲೆ ಹಾರಿದರೆ ಆ ಬ್ಲಾಕ್ ಸೋಲುತ್ತಿದೆ.

ಸ್ಕ್ಯಾನರ್ ಇಲ್ಲದೆಯೂ ಒಂದು ಸುಳಿವು ಸಿಗುತ್ತದೆ. ಓಡಿಸುವಾಗ ಡ್ಯಾಶ್‌ಬೋರ್ಡ್‌ನ ಬ್ಯಾಟರಿ ಗೆರೆಗಳನ್ನು ನೋಡುತ್ತಿರಿ. ಸಣ್ಣ ಏರಿನಲ್ಲಿ ದಿಢೀರ್ ಅಂತ ತಳಕ್ಕೆ ಹೋಗಿ, ನಾಲ್ಕು ಬ್ರೇಕ್‌ಗೆ ಮತ್ತೆ ತುಂಬಿಬಿಟ್ಟರೆ ಬ್ಯಾಟರಿಯ ಹಿಡಿಯುವ ಶಕ್ತಿ ಕುಗ್ಗಿದೆ. ಉದ್ದ ಇಳಿಜಾರಿನಲ್ಲಿ ತುಂಬುವುದು ಸಹಜ, ಅದಕ್ಕೆ ಗಾಬರಿ ಬೇಡ. ಫ್ಯಾನ್ ಜೋರಾಗಿ ಗುಂಯ್‌ಗುಡುತ್ತಲೇ ಇದ್ದರೂ ಎಚ್ಚರಿಕೆ ಇರಲಿ.

‘ಬ್ಯಾಟರಿ ಬದಲಿಸಿದ್ದೇವೆ’ ಅಂದ ಕೂಡಲೇ ಖುಷಿಪಡಬೇಡಿ. ಏನು ಬದಲಿಸಿದ್ದು ಅಂತ ಕೇಳಿ. ಹೊಸ ಪ್ಯಾಕ್ ಹಾಕಿದ್ದರೆ ಅದರ ಬಿಲ್, ವಾರಂಟಿ ಇರುತ್ತದೆ, ಅಂಥ ಕಾರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಕೆಟ್ಟ ಒಂದೆರಡು ಮಾಡ್ಯೂಲ್ ಮಾತ್ರ ತೆಗೆದು ಬೇರೆ ಹಳೇ ಕಾರಿನದ್ದು ಹಾಕಿದ್ದರೆ ಅದು ತಾತ್ಕಾಲಿಕ. ಉಳಿದವೂ ಅದೇ ವಯಸ್ಸಿನವು ಅಲ್ವಾ, ಇವತ್ತು ಒಂದು ಹೋದರೆ ನಾಳೆ ಇನ್ನೊಂದು. ಹಾಗೆ ರಿಪೇರಿಯಾದ ಪ್ಯಾಕನ್ನು ‘ಮೂಲ ಹಳೇ ಬ್ಯಾಟರಿ’ ಅಂತಲೇ ಲೆಕ್ಕ ಹಾಕುವುದು ಸರಿ.

ಕಿತ್ತಳೆ ಬಣ್ಣದ ಕೇಬಲ್‌ಗಳನ್ನು, ಬ್ಯಾಟರಿಯ ಮುಚ್ಚಳವನ್ನು ನೀವಾಗಿ ಮುಟ್ಟಲೇಬೇಡಿ. ಅಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇದೆ.

ಹಂತ 7: ಓಡಿಸಿ ನೋಡಿ

ಅರ್ಧ ಗಂಟೆಯಾದರೂ ಓಡಿಸಿ. ಟ್ರಾಫಿಕ್, ಏರು, ವೇಗದ ರಸ್ತೆ ಮೂರೂ ಸಿಗುವಂತಿರಲಿ. ಎಸಿ ಪೂರ್ತಿ ಹಾಕಿ.

ಬ್ರೇಕ್ ಮೇಲೆ ಕಿವಿ ಇಡಿ. ಟೊಯೋಟಾ ಹೈಬ್ರಿಡ್‌ಗಳಲ್ಲಿ ಡ್ರೈವರ್ ಬಾಗಿಲು ತೆರೆದಾಗ ಬ್ರೇಕ್ ಪಂಪ್ ಒಮ್ಮೆ ಗುಂಯ್ ಅನ್ನುವುದು ಮಾಮೂಲಿ. ಕೆಲವು ಸಲ ಪೆಡಲ್ ಒತ್ತಿದ ಮೇಲೆ ಮತ್ತೆ ಅನ್ನುವುದೂ ಸರಿ. ಪೆಡಲ್ ಮುಟ್ಟದೆಯೇ ನಿಂತ ಕಾರಿನಲ್ಲಿ ಪಂಪ್ ಮತ್ತೆ ಮತ್ತೆ ಓಡುತ್ತಿದ್ದರೆ ಒಳಗೆ ಒತ್ತಡ ಸೋರುತ್ತಿದೆ. ಇದು ದುಬಾರಿ ರಿಪೇರಿ, ಸುರಕ್ಷತೆಯ ವಿಷಯವೂ ಹೌದು. ಬ್ರೇಕ್ ಪ್ಯಾಡ್‌ಗಳು ಮಾತ್ರ ಹೈಬ್ರಿಡ್‌ನಲ್ಲಿ ತುಂಬ ದಿನ ಬರುತ್ತವೆ, ಮೋಟಾರೇ ಅರ್ಧ ಬ್ರೇಕ್ ಕೆಲಸ ಮಾಡುತ್ತದೆ. ಕಡಿಮೆ ಬಳಕೆಯಿಂದ ಡಿಸ್ಕ್ ತುಕ್ಕು ಹಿಡಿದಿರಬಹುದು, ನೋಡಿ.

ಎಸಿ ಬಗ್ಗೆ ಒಂದು ಪ್ರಶ್ನೆ ಕೇಳಲೇಬೇಕು: ಗ್ಯಾಸ್ ಎಲ್ಲಿ ತುಂಬಿಸಿದ್ದು? ಹೈಬ್ರಿಡ್‌ನ ಕರೆಂಟ್ ಕಂಪ್ರೆಸರ್‌ಗೆ ಬೇರೆಯೇ ಎಣ್ಣೆ ಬೇಕು. ಮಾಮೂಲಿ ಎಣ್ಣೆ ಸೇರಿದರೆ ಕರೆಂಟ್ ಸೋರಿ ಹೈಬ್ರಿಡ್ ವ್ಯವಸ್ಥೆಯೇ ಎಚ್ಚರಿಕೆ ಕೊಡಬಹುದು.

ಹಂತ 8: ಕೆಳಗೆ ಬಗ್ಗಿ ನೋಡಿ

ಸಾಧ್ಯವಾದರೆ ಲಿಫ್ಟ್ ಮೇಲೆ ಹತ್ತಿಸಿ. ಕಾರಿನ ತಳ ಕಲ್ಲಿಗೆ ಉಜ್ಜಿದ್ದರೆ ಕಿತ್ತಳೆ ಕೇಬಲ್ ಹೋಗುವ ದಾರಿಯ ಕವರ್ ಒಡೆದಿದೆಯಾ ನೋಡಬೇಕು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅಲ್ಲೇ ಇದೆಯಾ, ಕಂಪನಿಯದ್ದೇನಾ? ಅದರೊಳಗಿನ ಬೆಲೆಬಾಳುವ ಲೋಹಕ್ಕಾಗಿ ಹೈಬ್ರಿಡ್ ಕಾರುಗಳಿಂದ ಅದನ್ನು ಕದಿಯುವುದು ಹಲವು ದೇಶಗಳಲ್ಲಿ ದೊಡ್ಡ ಪಿಡುಗಾಗಿದೆ. ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ಗರ್ಜಿಸಿದರೆ ಮೊದಲು ಇದನ್ನೇ ಅನುಮಾನಿಸಿ.

ನೀರಿನಲ್ಲಿ ಮುಳುಗಿದ ಕಾರಾದರೆ ಮಾತೇ ಬೇಡ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಬೆಲ್ಟ್ ಪೂರ್ತಿ ಎಳೆದಾಗ ಕೆಸರಿನ ಕಲೆ, ಕಾರ್ಪೆಟ್ ಕೆಳಗೆ ಮಣ್ಣು, ಕನೆಕ್ಟರ್‌ಗಳಲ್ಲಿ ಬಿಳಿ ಹಸಿರು ಪುಡಿ. ಇವುಗಳಲ್ಲಿ ಒಂದು ಸಿಕ್ಕರೂ ಅಲ್ಲಿಂದ ಹೊರಡಿ, ಪೇಂಟ್ ಎಷ್ಟೇ ಹೊಸದಾಗಿರಲಿ.

ಹಂತ 9: ಕಾಗದ

ಸರ್ವೀಸ್ ಬಿಲ್‌ಗಳಲ್ಲಿ ದಿನಾಂಕ, ಕಿಲೋಮೀಟರ್ ಒಂದಕ್ಕೊಂದು ಹೊಂದಬೇಕು. ಚಾಸಿಸ್ ನಂಬರ್ ಕೊಟ್ಟು ರೀಕಾಲ್ ಕೆಲಸ ಬಾಕಿ ಇದೆಯಾ ಅಂತ ಕಂಪನಿಯಲ್ಲಿ ಕೇಳಿ. 2014ರಲ್ಲಿ ಟೊಯೋಟಾ ಇನ್ವರ್ಟರ್ ನಿಯಂತ್ರಿಸುವ ಸಾಫ್ಟ್‌ವೇರ್ ಸರಿಪಡಿಸಲು ಜಗತ್ತಿನಾದ್ಯಂತ ಸುಮಾರು 19 ಲಕ್ಷ ಪ್ರಿಯಸ್‌ಗಳನ್ನು ವಾಪಸ್ ಕರೆಸಿತ್ತು. ಇಂಥ ಕೆಲಸ ಮಾಡಿಸದೇ ಉಳಿದ ಕಾರುಗಳು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಬ್ಯಾಟರಿ ವಾರಂಟಿ ಉಳಿದಿದ್ದರೆ ಅದು ಹೊಸ ಮಾಲೀಕರಿಗೂ ಸಿಗುತ್ತದಾ, ಬರಹದಲ್ಲಿ ಪಡೆಯಿರಿ.

ಹಂತ 10: ಈಗ ತೂಗಿ ನೋಡಿ

ಮೂರು ಕಾರು ಇವೆ ಅಂದುಕೊಳ್ಳಿ. ಮೊದಲನೆಯದು 12 ವರ್ಷದ್ದು, 60,000 ಕಿ.ಮೀ., ಹೊರಗೆ ಒಂದು ಗೀರೂ ಇಲ್ಲ, ಬಿಲ್ ಇಲ್ಲ, ಬ್ಯಾಟರಿ ಮೂಲದ್ದೇ. ಎರಡನೆಯದು 8 ವರ್ಷದ್ದು, 1,60,000 ಕಿ.ಮೀ., ಒಂದು ಬಾಗಿಲು ನೆಗ್ಗಿದೆ, ಟಾಪ್‌ನ ಕ್ಲಿಯರ್ ಕೋಟ್ ಸುಲಿದಿದೆ, ಡ್ರೈವರ್ ಸೀಟು ಹರಿದಿದೆ, ಎಲ್ಲಾ ಬಿಲ್ ಇದೆ, ಬ್ಲಾಕ್ ವೋಲ್ಟೇಜ್ ಸಮವಾಗಿದೆ. ಮೂರನೆಯದು 6 ವರ್ಷದ್ದು, 80,000 ಕಿ.ಮೀ., ನೋಡಲು ಚೆಂದ, ಆದರೆ ಹಿಂದಿನ ಬಂಪರ್ ಮತ್ತು ಡಿಕ್ಕಿ ಬಾಗಿಲು ರೀಪೇಂಟ್ ಆಗಿದೆ.

ಪ್ರತಿ ಕಾರಿನ ದೋಷಗಳನ್ನು ಮೂರು ಗುಂಪು ಮಾಡಿ: ತಕ್ಷಣ ಮಾಡಿಸಬೇಕಾದ್ದು, ಎರಡು ವರ್ಷದಲ್ಲಿ ಬರಬಹುದಾದ್ದು, ಹಾಗೇ ಬಿಡಬಹುದಾದ್ದು. ಮೊದಲನೇ ಗುಂಪಿನ ಪೂರ್ತಿ ಖರ್ಚನ್ನು ಕಾರಿನ ಬೆಲೆಗೆ ಸೇರಿಸಿ. ಎರಡನೇ ಗುಂಪಿನದ್ದನ್ನು ಸಾಧ್ಯತೆಗೆ ತಕ್ಕಂತೆ, ಅರ್ಧವೋ ಕಾಲು ಭಾಗವೋ ಸೇರಿಸಿ. ಮೂರನೆಯದಕ್ಕೆ ಏನೂ ಸೇರಿಸಬೇಡಿ.

ಮೊದಲ ಕಾರಿಗೆ ನಾನು ಒಂದು ಬ್ಯಾಟರಿ ಪ್ಯಾಕಿನ ಪೂರ್ತಿ ಬೆಲೆ ಸೇರಿಸುತ್ತೇನೆ. ಇಷ್ಟು ವಯಸ್ಸಾಗಿ, ನಿಂತೇ ಇದ್ದು, ಲೆಕ್ಕವೂ ಇಲ್ಲದ ಬ್ಯಾಟರಿಗೆ ಅರ್ಧ ಲೆಕ್ಕ ಸಾಲದು. ಎರಡನೆಯದರಲ್ಲಿ ಬಾಗಿಲು, ಟಾಪ್, ಸೀಟು ಮೂರೂ ಹಾಗೇ ಬಿಡಬಹುದಾದ ಗುಂಪಿಗೆ ಹೋಗುತ್ತವೆ. ಟಾಪ್‌ನಲ್ಲಿ ಲೋಹ ಕಂಡಿದ್ದರೆ ಮಾತ್ರ ಪೇಂಟ್ ಖರ್ಚು ಮೊದಲ ಗುಂಪಿಗೆ ಬರುತ್ತದೆ. ಬ್ಯಾಟರಿಗೆ ಕಾಲು ಭಾಗ ಸೇರಿಸುತ್ತೇನೆ. ಮೂರನೆಯದರ ತೀರ್ಮಾನ ಡಿಕ್ಕಿಯ ಮ್ಯಾಟ್ ಕೆಳಗಿದೆ. ತಳದ ತಗಡು ನೆಟ್ಟಗಿದ್ದು, ಸೀಲರ್ ಮೂಲದ್ದೇ ಆಗಿದ್ದು, ಸ್ಕ್ಯಾನ್ ಚೆನ್ನಾಗಿ ಬಂದರೆ ಅದೇ ಉತ್ತಮ ಕಾರು, ಬೆಲೆ ಸ್ವಲ್ಪ ಜಾಸ್ತಿಯಾದರೂ ಸರಿ. ತಗಡು ಸುಕ್ಕಾಗಿದ್ದರೆ ಅದನ್ನು ಪಟ್ಟಿಯಿಂದಲೇ ತೆಗೆದು ಎರಡನೆಯದಕ್ಕೆ ಹೋಗುತ್ತೇನೆ. ಮೊದಲನೆಯದು ಪ್ಯಾಕಿನ ಬೆಲೆಯಷ್ಟು ಇಳಿದರೆ ಮಾತ್ರ ನೋಡಬಹುದು.

ಚೌಕಾಸಿ ಮಾಡುವಾಗ ಗೀರು ನೆಗ್ಗುಗಳ ಫೋಟೋ, ಪೇಂಟಿಂಗ್ ಕೊಟೇಶನ್ ಮುಂದಿಡಿ. ಮಾರುವವರಿಗೂ ಅವು ಕಣ್ಣಿಗೆ ಕಾಣುತ್ತವೆ, ಅವರು ವಾದಿಸುವುದು ಕಷ್ಟ. ಬೆಲೆ ಇಳಿಸಿಕೊಂಡ ಹಣವನ್ನು ಪೇಂಟ್‌ಗೆ ಹಾಕಬೇಡಿ, ಬ್ಯಾಟರಿಗೆ ಅಂತ ತೆಗೆದಿಡಿ.

ಕಾರು ಮನೆಗೆ ಬಂದ ಮೊದಲ ವಾರ

ಎಂಜಿನ್ ಆಯಿಲ್ ಬದಲಿಸಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್‌ನದ್ದೇ ಹಾಕಿಸಿ. ಬ್ಯಾಟರಿ ಫ್ಯಾನ್ ಮತ್ತು ಜಾಲರಿ ಸ್ವಚ್ಛ ಮಾಡಿಸಿ. ಎಂಜಿನ್‌ನದ್ದೂ ಇನ್ವರ್ಟರ್‌ನದ್ದೂ ಕೂಲೆಂಟ್ ಯಾವಾಗ ಬದಲಾಗಿದೆ ಗೊತ್ತಿಲ್ಲದಿದ್ದರೆ ಎರಡನ್ನೂ ಬದಲಿಸಿ. ಮೂರನೇ ತಲೆಮಾರಿನ ಪ್ರಿಯಸ್ ಆದರೆ ಇಜಿಆರ್ ಕೂಲರ್ ಬಿಚ್ಚಿ ತೊಳೆಸುವುದನ್ನು ಮುಂದೂಡಬೇಡಿ. 12 ವೋಲ್ಟ್ ಬ್ಯಾಟರಿಯನ್ನು ಟೆಸ್ಟ್ ಮಾಡಿಸಿ. ಅದು ಸೋತಾಗ ಡ್ಯಾಶ್‌ಬೋರ್ಡ್ ತುಂಬ ಸಂಬಂಧವಿಲ್ಲದ ದೀಪಗಳು ಹತ್ತುತ್ತವೆ, ದೊಡ್ಡ ಬ್ಯಾಟರಿಯೇ ಹೋಯಿತು ಅಂತ ಸುಮ್ನೆ ಗಾಬರಿಯಾಗುತ್ತದೆ. ಕ್ಯಾಬಿನ್ ಒಳಗೆ ಅಥವಾ ಡಿಕ್ಕಿಯಲ್ಲಿ ಕೂರುವ ಬ್ಯಾಟರಿಯಾದರೆ ಅನಿಲ ಹೊರಗೆ ಹೋಗುವ ಕೊಳವೆ ಇರುವ ಥರದ್ದನ್ನೇ ಹಾಕಿಸಬೇಕು. ಲೋಹ ಕಾಣುವ ಗೀರುಗಳಿಗೆ ಟಚ್‌ಅಪ್ ಮಾಡಿ, ಉಳಿದ ಗೀರುಗಳು ಹಾಗೇ ಇರಲಿ.